ಗೇಟು ಕ್ಯಾಸಲ್ ರಾಕ್‌ನಲ್ಲಿ, ಹಡಗು ಮುರ್ಗಾಂವ್‌ನಲ್ಲಿ: ಗೋವಾ ದಿಗ್ಬಂಧನದ ಪ್ರಕರಣ ಅಧ್ಯಯನ (1955–61)

ಉತ್ತರ ಕನ್ನಡದ ಜೋಯಿಡಾ ತಾಲೂಕಿನ ಕ್ಯಾಸಲ್ ರಾಕ್ ಈಗ ದೂಧ್‌ಸಾಗರಕ್ಕೆ ಹೊರಟವರಿಗೆ ಮಾತ್ರ ನೆನಪಾಗುವ ಸಣ್ಣ ಸ್ಟೇಷನ್. 1955ರ ತನಕ ಅದು ಎರಡು ದೇಶಗಳ ಗಡಿ ಸ್ಟೇಷನ್ ಆಗಿತ್ತು. ಈಚೆ ಭಾರತ, ಘಟ್ಟ ಇಳಿದರೆ ಪೋರ್ಚುಗೀಸರ ಗೋವಾ. ರೈಲು ಇಲ್ಲಿ ನಿಲ್ಲುತ್ತಿತ್ತು. ಕಸ್ಟಮ್ಸ್‌ನವರು ಪೆಟ್ಟಿಗೆ ಬಿಚ್ಚಿಸಿ ನೋಡುತ್ತಿದ್ದರು. ಆಮೇಲೆ ಗಾಡಿ ಕುಳೆಂ ಕಡೆಗೆ ಇಳಿಯುತ್ತಿತ್ತು. ಗೋವಾ ಬಿಡುಗಡೆಗಾಗಿ ನಡೆದ 1955ರ ಆಗಸ್ಟ್ ಸತ್ಯಾಗ್ರಹದ ನಂತರ ಭಾರತ ಈ ದಾರಿಯನ್ನು ಬಂದ್ ಮಾಡಿತು. ಇತ್ತ ಕರಾವಳಿಯಲ್ಲಿ ಮಾಜಾಳಿಯ ಗಡಿಯೂ ಮುಚ್ಚಿತು. ಆರು ವರ್ಷ ಹಾಗೇ ಇತ್ತು.

ಸುಮಾರು ಆರು ಲಕ್ಷ ಜನರ ನಾಡು ಅದು. ಬೆಳೆದ ಅಕ್ಕಿ ವರ್ಷಪೂರ್ತಿ ಸಾಲುತ್ತಿರಲಿಲ್ಲ. ತರಕಾರಿ, ಬಟ್ಟೆ ಎಲ್ಲ ಭಾರತದಿಂದ ಬರಬೇಕು. ಎಷ್ಟೋ ಮನೆಗಳ ತಿಂಗಳ ಖರ್ಚಿನ ದುಡ್ಡೂ ಮುಂಬೈಯಿಂದಲೇ ಬರಬೇಕು. ಅಂಥ ನಾಡಿನ ನೆಲದ ಗಡಿಯೆಲ್ಲ ಮುಚ್ಚಿದರೆ ಎಷ್ಟು ದಿನ ತಡೆದೀತು? ತಡೆಯಿತು. 1960ರ ಹೊತ್ತಿಗಂತೂ ಅದರ ರಫ್ತು ಗಡಿ ಮುಚ್ಚುವ ಮೊದಲಿಗಿಂತ ಹಲವು ಪಟ್ಟು ಬೆಳೆದಿತ್ತು.

ರಷ್ಯಾ, ಇರಾನ್ ಮೇಲಿನ ನಿರ್ಬಂಧಗಳ ಸುದ್ದಿ ಓದಿದಾಗೆಲ್ಲ ನನಗೆ ಈ ಪ್ರಕರಣ ನೆನಪಾಗುತ್ತದೆ. ಇದರ ಬೇಲಿ ನಮ್ಮ ಜಿಲ್ಲೆಯಲ್ಲೇ ಇತ್ತು, ಅಲ್ವಾ.

ಮೊದಲಿನ ಲೆಕ್ಕ

1878ರಲ್ಲಿ ಬ್ರಿಟಿಷರಿಗೂ ಪೋರ್ಚುಗಲ್‌ಗೂ ಒಂದು ಒಪ್ಪಂದ ಆಯಿತು. ಅದರ ಬೆನ್ನಿಗೇ ಗೋವಾದ ಮುರ್ಗಾಂವ್ ಬಂದರಿನಿಂದ ಘಟ್ಟದ ಮೇಲಿನ ತನಕ ರೈಲು ಹಳಿ ಬಂತು. ಅದೇ ಒಪ್ಪಂದದಲ್ಲಿ ಗೋವಾದ ಉಪ್ಪಿನ ಮೇಲಿನ ಹಿಡಿತವೂ ಕೆಲವು ವರ್ಷ ಬ್ರಿಟಿಷರ ಕೈಗೆ ಹೋಯಿತು. ರಾಜ್ಯ ಬೇರೆಯಾದರೂ ಗೋವಾದ ಪೇಟೆ ಅಷ್ಟು ಮೊದಲೇ ಭಾರತದ ಪೇಟೆಗೆ ಅಂಟಿಕೊಂಡಿತ್ತು. ಹುಬ್ಬಳ್ಳಿ ಸೀಮೆಯ ಹತ್ತಿ, ಬಳ್ಳಾರಿ ಕಡೆಯ ಮ್ಯಾಂಗನೀಸ್ ಅದಿರು ಮುರ್ಗಾಂವ್‌ನಲ್ಲಿ ಹಡಗು ಹತ್ತುತ್ತಿದ್ದವು. (ಆ ಹತ್ತಿ ಕಾರವಾರ ಬಂದರಿಗೆ ಬರಬೇಕು ಅಂತ 1860ರ ದಶಕದಲ್ಲೇ ದೊಡ್ಡ ಆಸೆ ಇತ್ತು. ರೈಲು ಬಂದಿದ್ದು ಮುರ್ಗಾಂವ್‌ಗೆ. ಹುಬ್ಬಳ್ಳಿ–ಅಂಕೋಲಾ ರೈಲು ಇವತ್ತಿಗೂ ಕಾಗದದ ಮೇಲೇ ಇದೆ. ಆ ರಾಮಾಯಣ ಇಲ್ಲಿ ಬೇಡ.)

ಗೋವಾ ಮಾರುತ್ತಿದ್ದುದಕ್ಕಿಂತ ಕೊಳ್ಳುತ್ತಿದ್ದುದೇ ಜಾಸ್ತಿ. ತೆಂಗಿನಕಾಯಿ, ಗೋಡಂಬಿ, ಅಡಿಕೆ, ಮೀನು ಮಾರಿ ಆ ವ್ಯತ್ಯಾಸ ತುಂಬುತ್ತಿರಲಿಲ್ಲ. ಅದನ್ನು ತುಂಬಿದ್ದು ಹೊರಗೆ ದುಡಿಯುತ್ತಿದ್ದ ಜನ. ಹಡಗಿನ ಅಡುಗೆಯವರು, ಖಲಾಸಿಗಳು, ಬ್ಯಾಂಡಿನವರು, ಗುಮಾಸ್ತರು. ಬಹಳ ಜನ ಮುಂಬೈಯಲ್ಲಿದ್ದರು. ಗೋವಾದ ಒಂದೊಂದು ಊರಿನವರಿಗೂ ಅಲ್ಲಿ ಒಂದೊಂದು ‘ಕೂಡ್’, ಅಂದರೆ ಊರವರೇ ಸೇರಿ ನಡೆಸುವ ವಸತಿ. ಅಲ್ಲಿಂದ ತಿಂಗಳು ತಿಂಗಳು ಮನಿ ಆರ್ಡರ್ ಬರುತ್ತಿತ್ತು. ಗೋವಾದ ನಾಣ್ಯ ‘ರುಪಿಯಾ’ ನಮ್ಮ ರೂಪಾಯಿಗೆ ಸಮವಾಗಿತ್ತು. ನಮ್ಮ ರೂಪಾಯಿಯೂ ಅಲ್ಲಿ ಸಲೀಸಾಗಿ ಓಡುತ್ತಿತ್ತು.

ಅಂದರೆ ಅನ್ನ, ಬಟ್ಟೆ, ನಗದು ಮೂರೂ ಒಂದೇ ನೆರೆಯವನ ಕೈಯಲ್ಲಿದ್ದವು. ಕಾಗದದ ಮೇಲೆ ನೋಡಿದರೆ ದಿಗ್ಬಂಧನಕ್ಕೆ ಇದಕ್ಕಿಂತ ಸುಲಭದ ಗುರಿ ಇರಲಿಕ್ಕಿಲ್ಲ.

ಬಾಗಿಲು ಮುಚ್ಚಿದ ಬಗೆ

ಎಲ್ಲ ಒಂದೇ ದಿನ ಆಗಿದ್ದಲ್ಲ. ಗೋವಾ ಬಿಟ್ಟುಕೊಡುವ ಮಾತನ್ನೇ ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್ ಎತ್ತಗೊಡದಿದ್ದಾಗ 1953ರ ಜೂನ್‌ನಲ್ಲಿ ಭಾರತ ಅಲ್ಲಿದ್ದ ತನ್ನ ರಾಯಭಾರ ಕಚೇರಿ ಮುಚ್ಚಿತು. 1954ರ ಜುಲೈ–ಆಗಸ್ಟ್‌ನಲ್ಲಿ ದಾದ್ರಾ ಮತ್ತು ನಗರ ಹವೇಲಿ ಪೋರ್ಚುಗೀಸರ ಕೈತಪ್ಪಿದವು. ಅದೇ ವರ್ಷ ಭಾರತದ ಬಂದರು ಕಾರ್ಮಿಕರು ಗೋವಾಕ್ಕೆ ಹೋಗುವ ಸರಕು ಮುಟ್ಟುವುದಿಲ್ಲ ಅಂದರು. ಸಾಮಾನು ಸಾಗಣೆ, ಹಣ ಕಳಿಸುವುದು, ಜನರ ಓಡಾಟ ಒಂದೊಂದಾಗಿ ಬಿಗಿಯಾದವು. 1955ರ ಆಗಸ್ಟ್ 15ರಂದು ಸಾವಿರಾರು ಸತ್ಯಾಗ್ರಹಿಗಳು ಬರಿಗೈಯಲ್ಲಿ ಗಡಿ ದಾಟಿದರು. ಪೋರ್ಚುಗೀಸ್ ಪೊಲೀಸರು ಗುಂಡು ಹಾರಿಸಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಆಮೇಲೆ ರೈಲು ನಿಂತಿತು, ರಸ್ತೆ ಮುಚ್ಚಿತು, ರಾಜತಾಂತ್ರಿಕ ಸಂಬಂಧ ಪೂರ್ತಿ ಕಡಿಯಿತು.

ಆದರೆ ಸಮುದ್ರ ತೆರೆದೇ ಇತ್ತು. ಈ ಪ್ರಕರಣದ ಗಂಟು ಇರುವುದು ಇಲ್ಲಿ. ಬೇರೆ ದೇಶದ ಹಡಗನ್ನು ಸಮುದ್ರದಲ್ಲಿ ಅಡ್ಡಹಾಕಿದರೆ ಅದು ಯುದ್ಧದ ಕೆಲಸ. ಪೋರ್ಚುಗಲ್ 1949ರಿಂದಲೇ ಅಮೆರಿಕ, ಯುರೋಪಿನ ದೇಶಗಳ ಮಿಲಿಟರಿ ಕೂಟವಾದ ನೇಟೊದಲ್ಲಿತ್ತು. ಶಾಂತಿಯ ಮಾತಾಡುತ್ತಿದ್ದ ನೆಹರೂ ಸರ್ಕಾರ ಅಷ್ಟು ದೂರ ಹೋಗಲು ಆಗ ತಯಾರಿರಲಿಲ್ಲ. ವಿಶ್ವಸಂಸ್ಥೆಯ ನಿರ್ಬಂಧವೂ ಇರಲಿಲ್ಲ. ಹಾಗಾಗಿ ಭಾರತ ತನ್ನ ಅಂಗಡಿ ಮುಚ್ಚಿತೇ ಹೊರತು ಉಳಿದವರ ಅಂಗಡಿ ಮುಚ್ಚಿಸಲು ಆಗಲಿಲ್ಲ.

ಹಾಲೆಂಡಿನ ಬಟಾಟೆ

ಇವತ್ತೂ ಗೋವಾದ ತರಕಾರಿ ಬರುವುದು ಹೆಚ್ಚಾಗಿ ಬೆಳಗಾವಿಯಿಂದ. ಘಟ್ಟದಲ್ಲಿ ಲಾರಿ ನಿಂತರೆ ಮಡಗಾಂವ್ ಪೇಟೆಯಲ್ಲಿ ಟೊಮೆಟೊ ರೇಟು ಏರುತ್ತದೆ. ಅಂಥದ್ದರಲ್ಲಿ 1955ರ ನಂತರ ಗೋವಾದ ಅಡುಗೆಮನೆಗೆ ಬಂದ ಬಟಾಟೆ ಹಾಲೆಂಡಿನದು. ಅಕ್ಕಿ, ತರಕಾರಿ ಪಾಕಿಸ್ತಾನದಿಂದ. ಚಹಾಪುಡಿ ಸಿಲೋನಿನಿಂದ. ಸಿಮೆಂಟ್ ಜಪಾನಿನಿಂದ. ಘಟ್ಟದ ಮೇಲೆ ಒಂದು ರಾತ್ರಿಯ ದಾರಿಯಲ್ಲಿ ಸಿಗುವ ಸಾಮಾನು ಸಾವಿರಾರು ಮೈಲಿ ಸುತ್ತಿ ಬರುತ್ತಿತ್ತು. ಖರ್ಚು ಜಾಸ್ತಿ ಬಿದ್ದೇ ಬಿದ್ದಿತು. ಆದರೆ ಸಾಮಾನು ಬಂತು.

ವಿಮಾನದ ಕತೆಯೂ ಹೀಗೇ. ರೈಲು, ರಸ್ತೆ ಮುಚ್ಚಿದ ಅದೇ 1955ರಲ್ಲಿ ಗವರ್ನರ್ ಜನರಲ್ ಬೆನಾರ್ಡ್ ಗೆಡಿಸ್ ಕಾಲದಲ್ಲಿ ದಾಬೋಳಿಂ ವಿಮಾನ ನಿಲ್ದಾಣ ತಯಾರಾಯಿತು. ‘ತಾಯಿಪ್’ ಅನ್ನುವ ಸ್ವಂತ ವಿಮಾನ ಸಂಸ್ಥೆಯೂ ಹುಟ್ಟಿತು. ಗೋವಾ, ದಮನ್, ದೀವ್, ಕರಾಚಿ ನಡುವೆ ಅದರ ವಿಮಾನ ಹಾರಾಡಿದವು, ಮುಂದೆ ಲಿಸ್ಬನ್ ತನಕವೂ ಹೋದವು. ಇವತ್ತು ಗೋವಾ ಟೂರಿಸಂ ಇಳಿಯುವ ಆ ರನ್‌ವೇ ಹುಟ್ಟಿದ್ದು ದಿಗ್ಬಂಧನದ ಕಾಲದಲ್ಲಿ.

ಇಷ್ಟೆಲ್ಲ ತರಿಸಲು ವಿದೇಶಿ ಹಣ ಬೇಕಲ್ಲ? ಮುಂಬೈ ಮನಿ ಆರ್ಡರಿನ ದಾರಿ ಕಟ್ಟಿಹೋಗಿತ್ತು. ಪೋರ್ಚುಗಲ್ ಸ್ವಲ್ಪ ಕೊಟ್ಟಿತು. ಅಭಿವೃದ್ಧಿ ಯೋಜನೆಯ ಹಣ ಬಂತು, ಸೈನಿಕರ ಸಂಬಳ ಗೋವಾದ ಪೇಟೆಯಲ್ಲೇ ಖರ್ಚಾಯಿತು. ಆದರೆ ಪೋರ್ಚುಗಲ್ ಆಗ ಯುರೋಪಿನ ಬಡ ದೇಶಗಳಲ್ಲೊಂದು. ಅದರ ಕಿಸೆಯಿಂದಲೇ ಆರು ವರ್ಷ ಸಾಗಿಸುವುದು ಆಗದ ಮಾತು.

ಕೆಂಪು ಮಣ್ಣು

ಸಾಗಿಸಿದ್ದು ಅದಿರು. ಗೋವಾದ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಇರುವುದು ಮೊದಲೇ ಗೊತ್ತಿತ್ತು. ದೊಡ್ಡ ಗಿರಾಕಿ ಸಿಕ್ಕಿದ್ದು ಎರಡನೇ ಮಹಾಯುದ್ಧದ ನಂತರ. ಸೋತ ಜಪಾನ್ ತನ್ನ ಉಕ್ಕಿನ ಕಾರ್ಖಾನೆಗಳನ್ನು ಮತ್ತೆ ಹೊತ್ತಿಸುತ್ತಿತ್ತು, ಅದಕ್ಕೆ ಅದಿರು ಬೇಕಿತ್ತು. ಗೋವಾದ ಗಣಿ ಮಾಲೀಕರ ಹತ್ತಿರ ಗುಡ್ಡ ಇತ್ತು, ಯಂತ್ರ ಇರಲಿಲ್ಲ. ಜಪಾನಿನವರು ಯಂತ್ರವನ್ನು ಸಾಲವಾಗಿ ಕೊಟ್ಟರು, ಸಾಲವನ್ನು ಅದಿರಿನಲ್ಲೇ ತೀರಿಸಿಕೊಂಡರು. ಆಮೇಲೆ ಪಶ್ಚಿಮ ಜರ್ಮನಿಯಂಥ ಬೇರೆ ಗಿರಾಕಿಗಳೂ ಬಂದರು. 1950ರ ದಶಕದ ಶುರುವಿನಲ್ಲಿ ವರ್ಷಕ್ಕೆ ಕೆಲವು ಲಕ್ಷ ಟನ್ ಇದ್ದ ರಫ್ತು 1960ರ ಹೊತ್ತಿಗೆ 50 ಲಕ್ಷ ಟನ್ ದಾಟಿತು. ದಿಗ್ಬಂಧನದ ವರ್ಷಗಳೂ ಗಣಿಯ ಏರುಗಾಲವೂ ಒಂದೇ.

ಇಲ್ಲಿ ಭೂಗೋಳ ನೋಡಬೇಕು. ಗಣಿ ಇದ್ದಿದ್ದು ಸತ್ತರಿ, ಡಿಚೋಲಿ, ಸಾಂಗೆಂ ಕಡೆಯ ಒಳನಾಡಿನಲ್ಲಿ. ಅಲ್ಲಿಂದ ಲಾರಿಯಲ್ಲಿ ನದಿ ದಂಡೆಗೆ ಬಂದ ಅದಿರು ಬಾರ್ಜಿಗೆ ಬೀಳುತ್ತಿತ್ತು. ಬಾರ್ಜು ಮಾಂಡೋವಿ, ಜುವಾರಿ ನದಿಗಳಲ್ಲಿ ಇಳಿದು ಮುರ್ಗಾಂವ್‌ನಲ್ಲಿ ನಿಂತ ಹಡಗಿಗೆ ತಲುಪುತ್ತಿತ್ತು. ಗುಡ್ಡ, ನದಿ, ಬಂದರು ಎಲ್ಲ ಗೋವಾದ ಒಳಗೇ. ಈ ದಾರಿಯಲ್ಲಿ ಒಂದು ಅಡಿಯೂ ಭಾರತದ ನೆಲ ಇಲ್ಲ. ಕ್ಯಾಸಲ್ ರಾಕ್‌ನಲ್ಲಿ ಗೇಟು ಹಾಕಿದ್ದರಿಂದ ಬಳ್ಳಾರಿಯ ಮ್ಯಾಂಗನೀಸ್ ನಿಂತಿತೇ ಹೊರತು ಗೋವಾದ ಒಂದು ಬುಟ್ಟಿ ಅದಿರೂ ನಿಲ್ಲಲಿಲ್ಲ. ಗೋವಾದ ಅದಿರು ವ್ಯಾಪಾರವನ್ನು ಪ್ರತಿ ವರ್ಷ ತಪ್ಪದೆ ನಿಧಾನ ಮಾಡುತ್ತಿದ್ದುದು ದೆಹಲಿಯಲ್ಲ, ಮಳೆಗಾಲ. ಜೂನ್ ಬಂದರೆ ಮಾಂಡೋವಿ ಅಳಿವೆಯಲ್ಲಿ ಬಾರ್ಜು ದಾಟಿಸುವುದು ಕಷ್ಟ. ನಮ್ಮ ಕಾಳಿ ಅಳಿವೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾಣ್ಯವನ್ನೂ ಬಿಡಿಸಿಕೊಂಡರು. 1959ರಲ್ಲಿ ರುಪಿಯಾ ತೆಗೆದು ಎಸ್ಕುಡೊ ತಂದರು. ಒಂದು ರುಪಿಯಾಕ್ಕೆ ಆರು ಎಸ್ಕುಡೊ. ಅಷ್ಟರಲ್ಲಿ ಗೋವಾದ ಗಳಿಕೆ ಜಪಾನಿನಿಂದ, ಯುರೋಪಿನಿಂದ ಬರುತ್ತಿತ್ತು. ರೂಪಾಯಿಯ ಜೊತೆ ಗಂಟು ಹಾಕಿಕೊಂಡಿರುವ ಅಗತ್ಯ ಮೊದಲಿನಷ್ಟು ಇರಲಿಲ್ಲ.

ಬಿಸ್ಕತ್ತಿನ ಲೆಕ್ಕ

ಅದಿರಿನ ಕತೆ ಪುಸ್ತಕಗಳಲ್ಲಿ ಸಿಗುತ್ತದೆ. ಕಾರವಾರದ ಕಡೆ ಜನರ ಬಾಯಲ್ಲಿ ಉಳಿದಿದ್ದು ಇನ್ನೊಂದು ಕತೆ.

ಗೋವಾದಲ್ಲಿ ಆಮದು ಸುಂಕ ಕಡಿಮೆ. ಭಾರತದಲ್ಲಿ ಪಂಚವಾರ್ಷಿಕ ಯೋಜನೆಯ ಕಾಲ, ವಿದೇಶಿ ವಿನಿಮಯಕ್ಕೆ ಬರ, ಫಾರಿನ್ ಸಾಮಾನು ಅಂದರೆ ಕೆಂಗಣ್ಣು. ಗಡಿಯಾಚೆ ಸ್ವಿಸ್ ವಾಚು, ನೈಲಾನ್ ಬಟ್ಟೆ, ಫೌಂಟನ್ ಪೆನ್ನು, ವಿಸ್ಕಿ ಧಾರಾಳ. ಆರು ಲಕ್ಷ ಜನ ಕಟ್ಟಿಕೊಳ್ಳಲಾಗದಷ್ಟು ವಾಚು ಆ ಪುಟ್ಟ ನಾಡಿಗೆ ಬಂದಿಳಿಯುತ್ತಿದ್ದವು. ಅವು ಯಾರ ಕೈಗೆ ಹೊರಟಿದ್ದವು ಅಂತ ಎಲ್ಲರಿಗೂ ಗೊತ್ತಿತ್ತು.

ಚಿನ್ನದ ಲೆಕ್ಕ ಹಾಕಿ ನೋಡೋಣ. ಆಗ ಚಿನ್ನದ ಅಂತರರಾಷ್ಟ್ರೀಯ ಬೆಲೆ ಔನ್ಸಿಗೆ 35 ಡಾಲರ್, ಡಾಲರಿಗೆ 4 ರೂಪಾಯಿ 76 ಪೈಸೆ. ಒಂದು ತೊಲಕ್ಕೆ ಹೆಚ್ಚುಕಮ್ಮಿ 62 ರೂಪಾಯಿ 50 ಪೈಸೆ ಆಯಿತು. ಭಾರತದಲ್ಲಿ ಸ್ವಾತಂತ್ರ್ಯದ ಕಾಲದಿಂದಲೇ ಚಿನ್ನದ ಆಮದಿಗೆ ತಡೆ ಇತ್ತು. 1950ರ ದಶಕದ ಕೊನೆಗೆ ಮುಂಬೈ ಪೇಟೆಯಲ್ಲಿ ತೊಲಕ್ಕೆ ನೂರು ರೂಪಾಯಿ ದಾಟಿತ್ತು. ಕಳ್ಳಸಾಗಣೆಯವರ ಅಚ್ಚುಮೆಚ್ಚಿನ ಅಳತೆ ಹತ್ತು ತೊಲದ ಬಿಸ್ಕತ್ತು, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದ ಗಾತ್ರ. ಆಚೆ 625 ರೂಪಾಯಿ ಬೀಳುವ ಬಿಸ್ಕತ್ತು ಈಚೆ ಸಾವಿರಕ್ಕೆ ಮೇಲೆ. ಒಂದು ತುಂಡಿಗೆ ಕಡಿಮೆ ಅಂದರೂ ಮುನ್ನೂರೈವತ್ತು ರೂಪಾಯಿಯ ಅಂತರ. ದೋಣಿಯವನಿಗೆ, ಹೊತ್ತವನಿಗೆ, ಕಣ್ಣು ಮುಚ್ಚಿಕೊಂಡವನಿಗೆ ಕೊಟ್ಟೂ ಉಳಿಯುತ್ತಿತ್ತು.

ಇದು ಬರೀ ಕಳ್ಳತನದ ಕತೆ ಅಂತ ತಳ್ಳಿಹಾಕಿದರೆ ಅರ್ಥಶಾಸ್ತ್ರ ತಪ್ಪಿಹೋಗುತ್ತದೆ. ಬಿಸ್ಕತ್ತು ಮಾರಿದಾಗ ಕೈಗೆ ಬರುವುದು ಭಾರತದ ರೂಪಾಯಿ. ಆ ರೂಪಾಯಿಗೆ ಭಾರತದಲ್ಲೇ ಬಟ್ಟೆ, ಬೆಲ್ಲ, ಮೆಣಸಿನಕಾಯಿ ಸಿಗುತ್ತದೆ. ಚಿನ್ನ ಈಚೆ ಬಂದ ಕಾಲುದಾರಿಯಲ್ಲೇ ಅವು ಆಚೆ ಹೋಗಬಹುದು. ನಿಲ್ಲಿಸಿದ ವ್ಯಾಪಾರ ಹೀಗೆ ಹಿಂಬಾಗಿಲಿನಿಂದ ಮತ್ತೆ ಶುರುವಾಗುತ್ತದೆ. ಬೆಲೆ ಮಾತ್ರ ಏರಿರುತ್ತದೆ, ಲಾಭ ಬೇರೆಯವರ ಪಾಲಾಗಿರುತ್ತದೆ. ಕಾಡು, ಹೊಳೆ, ತೆರೆದ ಕಡಲತೀರ ಇರುವ ಗಡಿಯಲ್ಲಿ ಎಷ್ಟು ಪೊಲೀಸರನ್ನು ನಿಲ್ಲಿಸಿದರೆ ಸಾಕು? ಆಗ ಕಾಳಿ ನದಿಗೆ ಸೇತುವೆಯೂ ಇರಲಿಲ್ಲ. ಕೋಡಿಬಾಗದಿಂದ ಸದಾಶಿವಗಡಕ್ಕೆ ತಾರಿಯಲ್ಲೇ ದಾಟಬೇಕಿತ್ತು. ಮಾಜಾಳಿ ಇರುವುದು ಅದರಾಚೆ.

ಮಾಜಾಳಿಯಲ್ಲಿ ಪರಿಚಯದ ಹಿರಿಯರೊಬ್ಬರ ಕೈಯಲ್ಲಿ ಹಳೆಯ ಕೀ ಕೊಡುವ ವಾಚು ನೋಡಿದ್ದೆ.

‘ಇದು ಎಲ್ಲಿಂದ ತಗೊಂಡ್ರಿ ಅಜ್ಜ?’

‘ತಗೊಂಡಿದ್ದಲ್ಲ ಮಾರಾಯ, ಬಂದಿದ್ದು. ನಮ್ಮ ಅಪ್ಪನ ಕಾಲದ್ದು. ಸುಮ್ನೆ ಚಹಾ ಕುಡಿ.’

ಪೆಟ್ಟು ಬಿದ್ದಿದ್ದು ಯಾರಿಗೆ

ಗೋವಾ ತಡೆದುಕೊಂಡಿತು ಅಂದೆ. ಗೋವಾದವರೆಲ್ಲ ತಡೆದುಕೊಂಡರು ಅಂತ ಅದರ ಅರ್ಥವಲ್ಲ. ಗಣಿ ಮಾಲೀಕರು, ಬಾರ್ಜು ಇದ್ದವರು, ಆಮದು ಲೈಸೆನ್ಸ್ ಇದ್ದವರು ಮೇಲೆ ಬಂದರು. ಗಣಿಯಲ್ಲಿ, ಬಂದರಿನಲ್ಲಿ ಕೂಲಿ ಸಿಕ್ಕಿತು. ಮುಂಬೈಯಲ್ಲಿ ಮಗ, ಗೋವಾದಲ್ಲಿ ವಯಸ್ಸಾದ ತಾಯಿ ಇರುವ ಮನೆಯ ಕತೆ ಬೇರೆ. ಮಗ ಕಳಿಸುತ್ತಿದ್ದ ದುಡ್ಡು ನಿಂತಿತು. ಹೋಗಿ ನೋಡಲು ಪರ್ಮಿಟ್ ಬೇಕಾಯಿತು. ಸಾಲಕ್ಕೆ ಚಿನ್ನ ಒತ್ತೆ ಇಡುವವರಿಗೆ ಬಾಂಕೊ ನಾಸ್ಯೊನಾಲ್ ಉಲ್ಟ್ರಾಮರಿನೊ ಅನ್ನುವ ಪೋರ್ಚುಗೀಸ್ ಬ್ಯಾಂಕಿತ್ತು. ಅದೆಷ್ಟು ಮನೆಗಳ ಬಳೆ, ಸರ ಅಲ್ಲಿ ಕೂತವು.

ಈಚೆಯವರಿಗೂ ಪೆಟ್ಟು ತಪ್ಪಲಿಲ್ಲ. ಹುಬ್ಬಳ್ಳಿ, ಬಳ್ಳಾರಿ ಸೀಮೆಗೆ ಹತ್ತಿರದ ಬಂದರು ಕೈತಪ್ಪಿತು. ಕಾರವಾರ, ಅಂಕೋಲಾ, ಕುಮಟಾದ ಎಷ್ಟೋ ಕೊಂಕಣಿ ಮನೆಗಳ ಕುಲದೇವರು ಇರುವುದು ಗೋವಾದಲ್ಲಿ: ಮಂಗೇಶಿ, ಕವಳೆಯ ಶಾಂತಾದುರ್ಗೆ, ಮಾರ್ದೋಳದ ಮಹಾಲಸೆ. ಮದುವೆ ಆದವರು ಹೋಗಿ ಕೈಮುಗಿದು ಬರಬೇಕಾದ ಜಾಗ. ಗಡಿಯಾಚೆಯ ಕಾಣಕೋಣದಲ್ಲಿ ಮಗಳು, ಈಚೆ ಸದಾಶಿವಗಡದಲ್ಲಿ ತವರು ಇದ್ದ ಮನೆಗಳೂ ಇದ್ದವು. ಇಂಥ ನಷ್ಟವನ್ನು ಬರೆದುಕೊಳ್ಳಲು ಯಾವ ವ್ಯಾಪಾರದ ಅಂಕಿಅಂಶದಲ್ಲೂ ಕಾಲಮ್ ಇಲ್ಲ.

ಮತ್ತು ಲಿಸ್ಬನ್? ಅಲ್ಲಿ ಕುಳಿತ ಪೋರ್ಚುಗಲ್‌ನ ಸರ್ವಾಧಿಕಾರಿ ಸಾಲಜಾರ್‌ಗೆ ಗೋವಾ ಲಾಭ–ನಷ್ಟದ ಬಾಬತ್ತಾಗಿರಲಿಲ್ಲ, ಮಾನದ ಪ್ರಶ್ನೆಯಾಗಿತ್ತು. ಗೋವಾ ಬಿಟ್ಟರೆ ಅಂಗೋಲಾ, ಮೊಜಾಂಬಿಕ್ ಬಿಡಬೇಕಾದೀತು ಅನ್ನುವ ಭಯ ಬೇರೆ. ನಿರ್ಧಾರ ಅವನದು, ದುಬಾರಿ ಅಕ್ಕಿ ಪಣಜಿಯವರದು. ನನ್ನ ಪ್ರಕಾರ ಈ ದಿಗ್ಬಂಧನ ಸೋತಿದ್ದಕ್ಕೆ ತೆರೆದ ಸಮುದ್ರ ಎಷ್ಟು ಕಾರಣವೋ ಇದೂ ಅಷ್ಟೇ ಕಾರಣ.

ಪೋರ್ಚುಗಲ್ ಈ ವಿದ್ಯೆಯನ್ನು ಮರೆಯಲೂ ಇಲ್ಲ. 1965ರಲ್ಲಿ ರೊಡೇಷಿಯಾದ (ಈಗಿನ ಜಿಂಬಾಬ್ವೆ) ಮೇಲೆ ನಿರ್ಬಂಧ ಬಿದ್ದಾಗ ತನ್ನ ಮೊಜಾಂಬಿಕ್ ಬಂದರುಗಳ ಮೂಲಕ ಅದರ ಸರಕಿಗೆ ದಾರಿ ಕೊಟ್ಟಿತು.

ಅದೇ ಲೆಕ್ಕ, ಬೇರೆ ಕಾಲ

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿತು. ಪಶ್ಚಿಮದ ದೇಶಗಳು ರಷ್ಯಾದ ಸುಮಾರು 300 ಬಿಲಿಯನ್ ಡಾಲರ್ ವಿದೇಶಿ ಮೀಸಲನ್ನು ತಡೆಹಿಡಿದವು. ರೂಬಲ್ ಕುಸಿಯಿತು. ಅಲ್ಲಿನ ಕೇಂದ್ರ ಬ್ಯಾಂಕ್ ಬಡ್ಡಿಯನ್ನು ಒಂದೇ ಏಟಿಗೆ ಶೇ. 20ಕ್ಕೆ ಏರಿಸಿತು. ನಮ್ಮ ಕಡೆ ಆ ಯುದ್ಧ ಮೊದಲು ತಟ್ಟಿದ್ದು ಕಿರಾಣಿ ಅಂಗಡಿಯಲ್ಲಿ. ಸೂರ್ಯಕಾಂತಿ ಎಣ್ಣೆಯ ಹೆಚ್ಚಿನ ಪಾಲು ಉಕ್ರೇನಿನಿಂದ ಬರುತ್ತಿತ್ತು, ರೇಟು ಏರಿತು.

ಗೋವಾದ ಅದಿರಿನ ಜಾಗದಲ್ಲಿ ಈಗ ರಷ್ಯಾದ ಕಚ್ಚಾ ತೈಲ ಇಟ್ಟು ನೋಡಿ. ಯುರೋಪ್ ಕೊಳ್ಳುವುದು ಕಡಿಮೆ ಮಾಡಿತು. 2022ರ ಡಿಸೆಂಬರ್‌ನಲ್ಲಿ ಪಶ್ಚಿಮದ ದೇಶಗಳು ಅದರ ಬೆಲೆಗೆ ಬ್ಯಾರೆಲ್‌ಗೆ 60 ಡಾಲರಿನ ಮಿತಿ ಹಾಕಿದವು. ತೈಲ ಬೇರೆ ದಿಕ್ಕಿಗೆ ತಿರುಗಿತು. ಯುದ್ಧಕ್ಕೆ ಮೊದಲು ಭಾರತದ ತೈಲ ಆಮದಿನಲ್ಲಿ ರಷ್ಯಾದ ಪಾಲು ನೂರಕ್ಕೆ ಎರಡರ ಆಸುಪಾಸು. 2023ರಲ್ಲಿ ಮೂರನೇ ಒಂದು ಭಾಗ ದಾಟಿತು. ರಿಯಾಯಿತಿ ದರ ಸಿಕ್ಕಿತು, ಕೊಂಡೆವು. 1955ರಲ್ಲಿ ಗೇಟು ಹಾಕಿದ್ದು ನಾವು, ಮುರ್ಗಾಂವ್‌ಗೆ ಹಡಗು ಕಳಿಸಿದ್ದು ಜಪಾನ್. ಈ ಸಲ ಜಪಾನಿನ ಜಾಗದಲ್ಲಿ ನಾವೇ ನಿಂತಿದ್ದೆವು. ಆಗ ಜಪಾನಿನ ಮೇಲೆ ಬರುತ್ತಿದ್ದ ಸಿಟ್ಟನ್ನೂ ಈಗಿನ ನಮ್ಮ ಸಮಜಾಯಿಷಿಯನ್ನೂ ಪಕ್ಕಪಕ್ಕ ಇಟ್ಟರೆ ಸ್ವಲ್ಪ ನಗು ಬರುತ್ತದೆ.

ಹೋಲಿಕೆಯನ್ನು ಜಾಸ್ತಿ ಎಳೆಯಬಾರದು. ಗೋವಾ ಸ್ವಂತ ದೇಶವಾಗಿರಲಿಲ್ಲ, ವಸಾಹತು. ದಿಗ್ಬಂಧನದ ವರ್ಷಗಳಲ್ಲಿ ಅಲ್ಲಿ ಯುದ್ಧವೂ ಇರಲಿಲ್ಲ. ರಷ್ಯಾದಲ್ಲಿ ಸರ್ಕಾರ ಯುದ್ಧಕ್ಕೆ ಸುರಿದ ಹಣವೇ ಕಾರ್ಖಾನೆಗಳನ್ನು ಓಡಿಸಿತು. ಗೋವಾದಲ್ಲಿ ಹೊರಗಿನ ಗಿರಾಕಿಯ ದುಡ್ಡು ಓಡಿಸಿತು. ಯುದ್ಧದ ಖರ್ಚಿನಿಂದ ಬೆಳೆದ ಲೆಕ್ಕ ಬೆಲೆ ಏರಿಕೆಯಾಗಿ, ಆಳಿನ ಕೊರತೆಯಾಗಿ ಮರಳಿ ಬರುತ್ತದೆ. ಅದಿರಿನ ದುಡ್ಡಿಗೆ ಆ ಕಾಟ ಇರಲಿಲ್ಲ.

36 ಗಂಟೆ

1961ರ ಮಾರ್ಚ್ ಹೊತ್ತಿಗೆ ಅಂಗೋಲಾದಲ್ಲಿ ದಂಗೆ ಹೊತ್ತಿ ಉರಿಯಿತು. ಪೋರ್ಚುಗಲ್‌ನ ಸೈನ್ಯ, ಹಣ ಎಲ್ಲ ಆ ಕಡೆ ಹರಿಯಿತು. ನವೆಂಬರ್‌ನಲ್ಲಿ ಕಾರವಾರದ ಎದುರಿನ ಅಂಜದೀವ್ ದ್ವೀಪದಿಂದ ಪೋರ್ಚುಗೀಸ್ ಸೈನಿಕರು ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿಗೆ ಗುಂಡು ಹಾರಿಸಿದರು. ಮೀನುಗಾರರ ದೋಣಿಗೂ ಹಾರಿಸಿದರು, ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ರಂದು ಸೇನೆ ಗೋವಾ ಹೊಕ್ಕಿತು. ಮಾಜಾಳಿಯಿಂದ ಕಾಣಕೋಣದ ಕಡೆಗೆ ರಜಪೂತ್ ರೆಜಿಮೆಂಟಿನ ಒಂದು ಕಂಪನಿ ನುಗ್ಗಿತು. ಅಂಜದೀವ್‌ನಲ್ಲಿ ಇಳಿದ ನೌಕಾಪಡೆಯ ಏಳು ಜನ ಪ್ರಾಣ ಕೊಟ್ಟರು. ಆರು ವರ್ಷದ ದಿಗ್ಬಂಧನದಿಂದ ಆಗದ ಕೆಲಸ ಸುಮಾರು 36 ಗಂಟೆಯಲ್ಲಿ ಮುಗಿಯಿತು. ಕೊನೆಯ ಮನುಷ್ಯನ ತನಕ ಹೋರಾಡಿ ಅಂದಿದ್ದ ಸಾಲಜಾರ್‌ನ ಮಾತು ಕೇಳದೆ ಗವರ್ನರ್ ಜನರಲ್ ವಸಾಲೊ ಇ ಸಿಲ್ವಾ ಡಿಸೆಂಬರ್ 19ರಂದು ಶರಣಾದರು. ಭದ್ರತಾ ಮಂಡಳಿಯಲ್ಲಿ ಭಾರತದ ವಿರುದ್ಧ ಬಂದ ನಿರ್ಣಯಕ್ಕೆ ಸೋವಿಯತ್ ಒಕ್ಕೂಟ ವೀಟೊ ಹಾಕಿತು.

ಅದಿರು ನಿಲ್ಲಲಿಲ್ಲ. ಬಾರ್ಜು, ಬಂದರು, ಜಪಾನಿನ ಗಿರಾಕಿ ಎಲ್ಲ ಮೊದಲಿದ್ದಂತೆಯೇ ಮುಂದುವರಿದವು, ವಿದೇಶಿ ವಿನಿಮಯ ಮಾತ್ರ ಈಗ ಭಾರತದ ಖಾತೆಗೆ. ಎಸ್ಕುಡೊ ಹೋಗಿ ರೂಪಾಯಿ ಬಂತು. ಆಮದುದಾರರ ಗೋದಾಮಿನಲ್ಲಿ ಉಳಿದ ಫಾರಿನ್ ಸಾಮಾನು ಕೊಳ್ಳಲು ಹೊರಗಿನ ಜನ ಗೋವಾಕ್ಕೆ ಮುಗಿಬಿದ್ದರು. ಪೋರ್ಚುಗೀಸ್ ಬ್ಯಾಂಕಿನಲ್ಲಿ ಒತ್ತೆ ಇದ್ದ ಒಡವೆಗಳನ್ನು ಮಾತ್ರ ಸೇನೆ ಬರುವ ಮೊದಲೇ ಲಿಸ್ಬನ್‌ಗೆ ಸಾಗಿಸಿಬಿಟ್ಟಿದ್ದರು. ಎರಡೂ ಸರ್ಕಾರಗಳ ಮಾತುಕತೆ ಮುಗಿದು ಆ ಚಿನ್ನ ಭಾರತಕ್ಕೆ ವಾಪಸ್ ಬಂದಿದ್ದು 1991ರಲ್ಲಿ.